ಸಿಮೇಕ್ 4ರಲ್ಲಿ ಆಡಿಯೊ ಎಡಿಟರ್ ಬಿಲ್ಡ್ ಆಗದಿದ್ದರೆ

ಹೊಸ ಸಿಮೇಕ್ (ಕೋಡ್‌ನಿಂದ ಪ್ರೋಗ್ರಾಂ ಕಟ್ಟಲು ಸಿದ್ಧತೆ ಮಾಡುವ ಸಾಧನ) ಹಾಕಿದ ಮೇಲೆ ಆಡಿಯೊ ಎಡಿಟರಿನ ಬಿಲ್ಡ್, ಕಂಪೈಲ್‌ಗೂ ಮುಂಚಿನ ಕಾನ್ಫಿಗರ್ ಹಂತದಲ್ಲೇ ನಿಲ್ಲುತ್ತಿದೆ, ಕಂಪೈಲರ್ ಬದಲಿಸಬೇಕಾ ಅಂತ ಕೇಳಿದ್ದೀರಿ. ಬೇಡ, ಕಂಪೈಲರ್ ಪಾಪ, ಅದರ ಸರದಿ ಇನ್ನೂ ಬಂದೇ ಇಲ್ಲ! 2025ರಲ್ಲಿ ಬಂದ ಸಿಮೇಕ್ 4.0, 3.5ಕ್ಕಿಂತ ಹಳೆಯ ಆವೃತ್ತಿಗಳ ಹೊಂದಾಣಿಕೆಯನ್ನು ಕಿತ್ತುಹಾಕಿತು. ನಿಮ್ಮ ಎಡಿಟರಿನ ಕೋಡ್ ಹೊಸದಿದ್ದರೂ ಅದು ಎಳೆದುಕೊಳ್ಳುವ ಹಳೇ ಆಡಿಯೊ ಲೈಬ್ರರಿಗಳಲ್ಲಿ ಬೇಕಾದ ಕನಿಷ್ಠ ಸಿಮೇಕ್ ಆವೃತ್ತಿ 2.8, 3.1 ಅಂತಲೇ ಬರೆದಿರುತ್ತದೆ, ಅದಕ್ಕೇ ನಿಲ್ಲುವುದು.

ಸಿಮೇಕ್_ಪಾಲಿಸಿ_ವರ್ಷನ್_ಮಿನಿಮಮ್ ವೇರಿಯಬಲ್‌ಗೆ (ಇಂಗ್ಲಿಷಿನಲ್ಲಿ CMAKE_POLICY_VERSION_MINIMUM, ಎಲ್ಲವೂ ಕ್ಯಾಪಿಟಲ್ ಅಕ್ಷರ) 3.5 ಕೊಡಿ. ಕಮಾಂಡ್‌ನಲ್ಲಿ ಕೊಟ್ಟರೆ, ಪ್ಯಾಕೇಜ್ ಮ್ಯಾನೇಜರ್ (ಲೈಬ್ರರಿಗಳನ್ನು ತಂದುಕೊಡುವ ಸಾಧನ) ಬೇರೆಯಾಗಿ ಬಿಲ್ಡ್ ಮಾಡುವ ಲೈಬ್ರರಿಗಳಿಗೆ ಅದು ತಲುಪದೇ ಇರಬಹುದು. ಅದಕ್ಕೇ ನಾನು ಎನ್ವಿರಾನ್‌ಮೆಂಟ್ ವೇರಿಯಬಲ್ (ಅಲ್ಲಿಂದ ಓಡುವ ಪ್ರೋಗ್ರಾಂಗಳೆಲ್ಲ ಓದಬಹುದಾದ ಸೆಟ್ಟಿಂಗ್) ಆಗಿಯೇ ಇಡುತ್ತೇನೆ. ಆದರೆ ಸಿಮೇಕ್ ಅದನ್ನು ಓದುವುದು ಹೊಸ ಬಿಲ್ಡ್ ಫೋಲ್ಡರಿನ ಮೊದಲ ಓಟದಲ್ಲಿ ಮಾತ್ರ. ಹಾಗಾಗಿ ಹಳೇ ಬಿಲ್ಡ್ ಫೋಲ್ಡರ್ ಅಳಿಸಿಯೇ ಶುರುಮಾಡಿ. ಇದು ತೇಪೆ ಅಷ್ಟೇ, ಲೈಬ್ರರಿಯ ಹೊಸ ಆವೃತ್ತಿ ಸಿಕ್ಕರೆ ಅದನ್ನೇ ಹಾಕಿಕೊಳ್ಳಿ.