ಕ್ಲಾಸ್ 2 ಅಂದರೆ ಎರಡನೇ ಹಂತವಾ?

ಪ್ರಶ್ನೆ: ಮಗಳಿಗೆ 11 ವರ್ಷ. ಮೇಲಿನ ಹಲ್ಲು ಮುಂದೆ ಬಂದಿದೆ ಅಂತ ತೋರಿಸಿದೆವು. ಡಾಕ್ಟರ್ ಚೀಟಿಯಲ್ಲಿ 'ಕ್ಲಾಸ್ 2, ಡಿವಿಷನ್ 1' ಅಂತ ಬರೆದಿದ್ದಾರೆ. ಇದು ಎರಡನೇ ಹಂತವಾ? ಹಾಗೇ ಬಿಟ್ಟರೆ ಕ್ಲಾಸ್ 3ಕ್ಕೆ ಹೋಗುತ್ತಾ?
– ಒಬ್ಬ ತಾಯಿ

ಉತ್ತರ: ಇಲ್ಲಮ್ಮ, ಹೆದರಬೇಡಿ. ಇವು ಹಂತಗಳಲ್ಲ, ಬಗೆಗಳು. ಕ್ಲಾಸ್ 2 ಮತ್ತು 3 ಒಂದಕ್ಕೊಂದು ಉಲ್ಟಾ, ಹಾಗಾಗಿ ಇದು ಹೆಚ್ಚಾಗಿ ಅದಾಗುವ ಮಾತೇ ಇಲ್ಲ.

ಈ ವಿಂಗಡಣೆ ಮಾಡಿದವರು ಅಮೆರಿಕದ ದಂತವೈದ್ಯ ಎಡ್ವರ್ಡ್ ಆಂಗಲ್, 1899ರಲ್ಲಿ. ಅವರು ಅಳತೆಗೆ ಹಿಡಿದದ್ದು ಎದುರಿಗೆ ಕಾಣುವ ಹಲ್ಲನ್ನಲ್ಲ, ಸುಮಾರು 6ನೇ ವಯಸ್ಸಿಗೆ ಹಾಲುಹಲ್ಲುಗಳ ಹಿಂದೆ ಮೂಡುವ ಮೊದಲ ಶಾಶ್ವತ ದವಡೆ ಹಲ್ಲನ್ನು. ಹಲ್ಲು ಕಚ್ಚಿದಾಗ ಮೇಲಿನ ಆ ಹಲ್ಲಿನ ಕೆನ್ನೆ ಕಡೆಯ ಮುಂದಿನ ಮೊನೆ, ಕೆಳಗಿನ ಹಲ್ಲಿನ ಹೊರಮೈಯಲ್ಲಿರುವ ಗೀರಿಗೆ ಸರಿಯಾಗಿ ಕೂರಬೇಕು. ಅದು ಕೂತು, ಬೇರೆ ಹಲ್ಲುಗಳಷ್ಟೇ ಒತ್ತೊತ್ತಾಗಿಯೋ ತಿರುಚಿಕೊಂಡೋ ಇದ್ದರೆ ಕ್ಲಾಸ್ 1. ಕೆಳಗಿನ ಹಲ್ಲು ಹಿಂದೆ ಸರಿದಿದ್ದರೆ ಕ್ಲಾಸ್ 2, ಮುಂದಿದ್ದರೆ ಕ್ಲಾಸ್ 3. ಡಿವಿಷನ್ 1 ಅಂದರೆ ಮೇಲಿನ ಮುಂಹಲ್ಲು ಹೊರಗೆ ಚಾಚಿವೆ ಅಂತ. ಡಿವಿಷನ್ 2ರಲ್ಲಿ ಮಧ್ಯದ ಹಲ್ಲುಗಳು ಒಳಕ್ಕೆ ವಾಲಿರುತ್ತವೆ.

ಆದರೆ ಇಷ್ಟು ಬರೆದರೆ ಸಾಲದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಈ ಹೆಸರು ಹಿಂದು-ಮುಂದಿನ ಸಂಬಂಧ ಮಾತ್ರ ಹೇಳುತ್ತದೆ. ತೊಂದರೆ ಎಷ್ಟಿದೆ ಅಂತ ಹೇಳಲ್ಲ, ಹಲ್ಲೇ ಚಾಚಿದೆಯೋ ಕೆಳದವಡೆಯ ಮೂಳೆಯೇ ಹಿಂದಿದೆಯೋ ಅಂತಲೂ ಹೇಳಲ್ಲ, ಚಿಕಿತ್ಸೆ ನಿಂತಿರುವುದು ಮಾತ್ರ ಅದರ ಮೇಲೇ. ಅದಕ್ಕೇ ಮುಖದ ಪಕ್ಕದಿಂದ ಸೆಫಲೋಗ್ರಾಮ್ ಅನ್ನುವ ಎಕ್ಸ್‌ರೇ ತೆಗೆಸುತ್ತಾರೆ. ಕಚ್ಚಿದಾಗ ಮೇಲಿನ ಮತ್ತು ಕೆಳಗಿನ ಮುಂಹಲ್ಲಿನ ನಡುವಿನ ಅಂತರವನ್ನೂ ಅಳೆಯುತ್ತಾರೆ, 2-3 ಮಿಲಿಮೀಟರ್ ಇದ್ದರೆ ಸಹಜ. ತುಂಬಾ ಜಾಸ್ತಿ ಇದ್ದರೆ ಬಿದ್ದಾಗ ಆ ಹಲ್ಲಿಗೇ ಪೆಟ್ಟಾಗುವ ಅಪಾಯ ಹೆಚ್ಚು, ಹಾಗಾಗಿ ಇದು ಬರೀ ಅಂದದ ಪ್ರಶ್ನೆ ಅಲ್ಲ.

ಮಗಳು ಇನ್ನೂ ಬೆಳೆಯುತ್ತಿದ್ದಾಳಲ್ವಾ, ಅದು ಒಳ್ಳೆಯದು. ಕೆಳದವಡೆ ಹಿಂದಿದ್ದರೆ, ಅದನ್ನು ಮುಂದಕ್ಕೆ ಹಿಡಿದಿಡುವ ಸಾಧನಗಳು ಕೆಲಸಕ್ಕೆ ಬರುವುದು ಬೆಳೆಯುವ ವಯಸ್ಸಿನಲ್ಲೇ. ಬೆರಳು ಚೀಪುವ ಅಭ್ಯಾಸ ಇನ್ನೂ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಮುಂದಿನ ಸಲ ಹೋದಾಗ ಕ್ಲಾಸ್ ಯಾವುದು ಅಂತ ಮತ್ತೆ ಕೇಳಬೇಡಿ, 'ಇದು ಹಲ್ಲಿನದಾ, ದವಡೆಯದಾ? ಈಗಲೇ ಶುರು ಮಾಡಬೇಕಾ, ಕಾಯಬಹುದಾ?' ಅಂತ ನೇರವಾಗಿ ಕೇಳಿ.