ಜೋರು ಮಾಡಿದರೆ ಕೆಲಸ ಆಗುತ್ತದೆ, ಆದರೆ ಸುದ್ದಿ ನಿಮ್ಮ ತನಕ ಬರಲ್ಲ

ಈ ಸಲ ಮೂರು ಪತ್ರ ಆರಿಸಿದ್ದೇನೆ. ಕೇಳಿದವರ ಹೆಸರು ಹಾಕಿಲ್ಲ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾಗಿದೆ. ಇಂಥ ಪತ್ರ ಬರೆಯುವವರು ತುಂಬ ಜನ, ಅದಕ್ಕೇ.

ಪ್ರಶ್ನೆ: ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ವಯಸ್ಸು 27. ಹಮಾಲರು, ಅಂಗಳದಲ್ಲಿ ತೊಗರಿ ಒಣಗಿಸುವ ಹೆಣ್ಣುಮಕ್ಕಳು, ಮಷಿನ್ ನೋಡುವ ಹಿರಿಯರು, ಎಲ್ಲ ಸೇರಿ ಹದಿನೆಂಟು ಜನ ನನ್ನ ಕೈಕೆಳಗೆ. ‘ಜೋರು ಮಾಡು, ಇಲ್ಲಾಂದ್ರ ತಲಿ ಮ್ಯಾಲ ಕೂಡ್ತಾರ’ ಅಂತ ಮಾಲೀಕರು ಹೇಳುತ್ತಾರೆ. ಜೋರು ಮಾಡುತ್ತೇನೆ, ಕೆಲಸವೂ ಆಗುತ್ತದೆ. ಆದರೆ ಮನೆಗೆ ಹೋದ ಮೇಲೂ ತಲೆ ಬಿಸಿ ಇಳಿಯಲ್ಲ. ಹೆಂಡತಿ ಮೇಲೆ ರೇಗುತ್ತೇನೆ. ಬೈಯದೆ ಕೆಲಸ ತೆಗೆಯೋದು ಹೇಗೆ?

ಉತ್ತರ: ಜೋರು ಮಾಡಿದರೆ ಕೆಲಸ ಆಗುತ್ತದೆ ಅನ್ನೋದು ಅರ್ಧ ನಿಜ. ಲಾರಿ ತುಂಬಿಸಬಹುದು, ಚೀಲ ಎತ್ತಿಸಬಹುದು. ಆದರೆ ಬೇಳೆ ಮಾಡುವಾಗ ಲಾಭ ನಷ್ಟ ಎರಡೂ ಸಣ್ಣ ಸಣ್ಣ ಕಡೆ ಇರುತ್ತವೆ. ರೋಲರ್‌ನಲ್ಲಿ ಸಿಪ್ಪೆಗೆ ಗೀರು ಬೀಳಬೇಕು, ಎಣ್ಣೆ ಹತ್ತಬೇಕು, ರಾತ್ರಿ ರಾಶಿ ಹಾಕಿ ಮತ್ತೆ ಬಿಸಿಲಿಗೆ ಹರಡಬೇಕು. ಒಣಗಿದ್ದು ಸಾಲದಿದ್ದರೆ ಸಿಪ್ಪೆ ಬಿಡಲ್ಲ. ರೋಲರ್ ಬಿಗಿಯಾದರೆ ನುಚ್ಚು ಜಾಸ್ತಿ. ನುಚ್ಚಿಗೆ ಬೇಳೆಯ ರೇಟು ಯಾರೂ ಕೊಡಲ್ಲ, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಈಗ ಹೇಳಿ, ನುಚ್ಚು ಜಾಸ್ತಿ ಬೀಳುತ್ತಿರೋದು ಮೊದಲು ಯಾರಿಗೆ ಕಾಣುತ್ತದೆ? ಮಷಿನ್ ಪಕ್ಕ ನಿಂತ ಕಾಕಾಗೆ. ಬೆಳಿಗ್ಗೆ ಹತ್ತಕ್ಕೇ ಅವರಿಗೆ ತಿಳಿಯುತ್ತದೆ ಅಂದುಕೊಳ್ಳಿ. ಬಂದು ಹೇಳಿದರೆ ಎಲ್ಲರೆದುರು ಬೈಗುಳ. ಸುಮ್ನಿದ್ದರೆ ಸಂಜೆ ತನಕ ಯಾರೂ ಕೇಳಲ್ಲ. ಅವರ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ? ಸಂಜೆಗೆ ಇಡೀ ಲಾಟು ಕೆಟ್ಟಿರುತ್ತದೆ. ಆಗ ನೀವು ಇನ್ನೂ ಜೋರು ಮಾಡುತ್ತೀರಿ. ಮಾರನೇ ದಿನ ಅವರು ಇನ್ನೂ ಮೌನ.

ಹಾರ್ವರ್ಡ್ ವಿಶ್ವವಿದ್ಯಾಲಯದ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ನರ್ಸ್ ತಂಡಗಳನ್ನು ಗಮನಿಸಿದರು. ಒಳ್ಳೆಯ ತಂಡಗಳಲ್ಲಿ ಔಷಧಿ ಕೊಡುವಾಗಿನ ತಪ್ಪು ಕಡಿಮೆ ಇರುತ್ತದೆ ಅಂತ ಅವರ ಲೆಕ್ಕ. ಆದರೆ ದಾಖಲೆ ನೋಡಿದರೆ ಒಳ್ಳೆಯ ತಂಡಗಳಲ್ಲೇ ತಪ್ಪು ಜಾಸ್ತಿ! ಹುಡುಕುತ್ತಾ ಹೋದಾಗ ಕಾರಣ ಗೊತ್ತಾಯಿತು. ಆ ತಂಡದವರು ತಪ್ಪಾದರೆ ಬಾಯಿಬಿಟ್ಟು ಹೇಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು. ಆಸ್ಪತ್ರೆಯಲ್ಲಿ ಮುಚ್ಚಿಟ್ಟರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಸಡಿಲ ಬಿಡಬೇಕಾ? ಖಂಡಿತ ಬೇಡ. ಮಷಿನ್ ಬೆಲ್ಟಿನ ಕವರ್ ತೆಗೆದಿಟ್ಟವರನ್ನು, ಕುಡಿದು ಬಂದವರನ್ನು, ತಪ್ಪು ಗೊತ್ತಿದ್ದೂ ಮುಚ್ಚಿಟ್ಟವರನ್ನು ಸುಮ್ನೆ ಬಿಡಬೇಡಿ. ಆದರೆ ತಾನಾಗಿ ಬಂದು ಹೇಳಿದವರಿಗೆ ಮೊದಲು ‘ಹೇಳಿದ್ದು ಛಲೋ ಆಯ್ತ್ರಿ’ ಅನ್ನಿ, ಸಮಸ್ಯೆಯ ಮಾತು ಆಮೇಲೆ. ಮೊದಲ ಸಲ ಹೇಳಿದವರಿಗೆ ನೀವು ಹೇಗೆ ನಡೆದುಕೊಂಡಿರಿ ಅಂತ ಉಳಿದ ಹದಿನೇಳು ಜನ ನೋಡುತ್ತಿರುತ್ತಾರೆ. ಅಲ್ಲಿ ರೇಗಿದರೆ ಕೆಲಸ ಕೆಟ್ಟಿತು.

ಬೆಳಿಗ್ಗೆ ಮಷಿನ್ ಶುರು ಮಾಡುವ ಮೊದಲು ಒಂದು ಮಾತು ಕೇಳಿ: ‘ಕಾಕಾ, ಈ ಲಾಟು ನಿಮಗ ಹ್ಯಾಂಗ ಅನಸ್ತದ?’ ಕೇಳಿದ ಮೇಲೆ ನಿಂತು ಉತ್ತರ ಕೇಳಿಸಿಕೊಳ್ಳಿ, ಮೊಬೈಲ್ ಜೇಬಿನಲ್ಲಿರಲಿ. ಅವರು ನಿಮ್ಮ ತಂದೆಯ ವಯಸ್ಸಿನವರಾದರೆ ಏಕವಚನ ಬೇಡ. ಮಾಲೀಕರು ಏಕವಚನದಲ್ಲಿ ಕರೆದರೂ ನೀವು ಕರೆಯಬೇಡಿ. ನಮ್ಮ ಕಡೆ ಇಷ್ಟಕ್ಕೇ ಅರ್ಧ ಜಗಳ ಇಳಿಯುತ್ತದೆ.

ಇನ್ನೊಂದು, ಬಿಸಿಲು. ಏಪ್ರಿಲ್, ಮೇನಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಫ್ಯಾನಿನ ಕೆಳಗೆ ಕೂತವರಿಗೇ ಆ ಅನುಕೂಲ ಇರುವಾಗ ಕಾದ ಅಂಗಳದಲ್ಲಿ ತೊಗರಿ ತಿರುವುವ ಹೆಣ್ಣುಮಕ್ಕಳ ಪಾಡೇನು? ಹರಡುವ ಕೆಲಸ ಬೆಳಿಗ್ಗೆ ಬೇಗ, ರಾಶಿ ಮಾಡುವ ಕೆಲಸ ಬಿಸಿಲು ಇಳಿದ ಮೇಲೆ ಇಡಿ. ನೆರಳು, ತಣ್ಣನೆ ನೀರು ಇರಲಿ. ಇದಕ್ಕೆ ಮಾಲೀಕರ ಒಪ್ಪಿಗೆ ಬೇಕಾಗುತ್ತದೆ ಅಂತೀರಾ? ದಿನಾ ಎಷ್ಟು ನುಚ್ಚು ಬಿತ್ತು ಅಂತ ಒಂದು ವಹಿಯಲ್ಲಿ ಬರೆದಿಡಿ. ಒಂದು ತಿಂಗಳು ಬೈದು ನಡೆಸಿದ್ದು, ಒಂದು ತಿಂಗಳು ಕೇಳಿ ನಡೆಸಿದ್ದು, ಎರಡನ್ನೂ ಪಕ್ಕದಲ್ಲಿಟ್ಟು ತೋರಿಸಿ. ವ್ಯಾಪಾರಿಗಳಿಗೆ ಉಪದೇಶ ಹಿಡಿಸಲ್ಲ, ಲೆಕ್ಕ ಹಿಡಿಸುತ್ತದೆ.

ಮನೆಯ ವಿಷಯ. ನಿಮಗೆ ಮಾಲೀಕರು ಬೈಯುತ್ತಾರೆ, ನೀವು ಹಮಾಲರಿಗೆ ಬೈಯುತ್ತೀರಿ, ಉಳಿದಿದ್ದು ಹೆಂಡತಿಗೆ. ಅವರಿಗೆ ಇದರಲ್ಲಿ ಯಾವ ಪಾತ್ರವೂ ಇಲ್ಲ ಅಲ್ವಾ? ಮನೆಗೆ ಹೋದ ತಕ್ಷಣ ಅರ್ಧ ಗಂಟೆ ಮಿಲ್ಲಿನ ಮಾತು ಬೇಡ, ಫೋನೂ ಬೇಡ. ಸ್ನಾನ ಮಾಡಿ, ಊಟ ಮಾಡಿ. ಆಮೇಲೆ ಬೇಕಾದರೆ ಅವರಿಗೇ ಎಲ್ಲ ಹೇಳಿ. ರೇಗೋದು ಬೇರೆ, ಕಷ್ಟ ಹೇಳಿಕೊಳ್ಳೋದು ಬೇರೆ.

ಪ್ರಶ್ನೆ: ಯಾದಗಿರಿಯವನು. ಲೈಬ್ರರಿಯಲ್ಲಿ ಐದು ಜನ ಗೆಳೆಯರು ವರ್ಷಗಟ್ಟಲೆ ಒಟ್ಟಿಗೆ ಓದಿದೆವು. ಕಲ್ಯಾಣ ಕರ್ನಾಟಕದವರಿಗಿರುವ 371ಜೆ ಮೀಸಲಾತಿಯಲ್ಲಿ ನನಗೆ ಸರ್ಕಾರಿ ಕೆಲಸ ಸಿಕ್ಕಿತು. ಊರಿಗೆಲ್ಲ ಪೇಡೆ ಹಂಚಿದೆವು. ಈಗ ಒಂದೂವರೆ ವರ್ಷ. ಖುಷಿಯೇ ಇಲ್ಲ. ಬೆಂಗಳೂರಿಗೆ ಹೋದ ಗೆಳೆಯರ ಸ್ಟೇಟಸ್ ನೋಡಿದರೆ ಹೊಟ್ಟೆ ಉರಿಯುತ್ತದೆ. ನನಗೇನು ಕಡಿಮೆಯಾಗಿದೆ?

ಉತ್ತರ: ಸಂಬಳಕ್ಕೆ ಮನಸ್ಸು ಒಗ್ಗಿಹೋಗಿದೆ, ಅಷ್ಟೆ. ಎಲ್ಲರಿಗೂ ಹೀಗೇ ಆಗುತ್ತದೆ. 1978ರಲ್ಲಿ ಅಮೆರಿಕದಲ್ಲಿ ಲಾಟರಿ ಗೆದ್ದ 22 ಜನರನ್ನು ಅದೇ ಪ್ರದೇಶದ ಬೇರೆಯವರ ಜೊತೆ ಹೋಲಿಸಿ ನೋಡಿದ್ದರು. ಗೆದ್ದವರು ಹೇಳಿಕೊಳ್ಳುವಷ್ಟು ಜಾಸ್ತಿ ಸಂತೋಷದಲ್ಲಿ ಇರಲಿಲ್ಲ. ಮಾತುಕತೆ, ತಿಂಡಿ ಇಂಥ ದಿನನಿತ್ಯದ ಸಂಗತಿಗಳಲ್ಲಿ ಅವರಿಗೆ ಸಿಗುವ ಖುಷಿ ಇನ್ನೂ ಕಡಿಮೆ. ಸಣ್ಣ ಅಧ್ಯಯನವೇ, ಆದರೆ ನಿಮ್ಮ ಪತ್ರ ಓದಿದಾಗ ಅದೇ ನೆನಪಾಯಿತು.

ನನಗೆ ಅನ್ನಿಸೋದು ಇಷ್ಟು: ನೀವು ಕಳೆದುಕೊಂಡಿದ್ದು ಲೈಬ್ರರಿಯ ಆ ಗೆಳೆಯರನ್ನು. ಓದು ಕಷ್ಟವಿತ್ತು, ಆದರೆ ಪಕ್ಕದಲ್ಲಿ ಜನ ಇದ್ದರು. ಅವರಲ್ಲಿ ಯಾರಿಗಾದರೂ ಇನ್ನೂ ಕೆಲಸ ಸಿಕ್ಕಿಲ್ಲ ಅಂದರೆ ಭಾನುವಾರ ಹೋಗಿ ಜೊತೆ ಕೂತುಕೊಳ್ಳಿ. ಹಳೆಯ ನೋಟ್ಸ್ ಕೊಡಿ. ಪರೀಕ್ಷೆ ಫೀಸು ಕಟ್ಟಿ, ಆದರೆ ಊರಿಗೆ ಹೇಳಬೇಡಿ. 2008ರಲ್ಲಿ ಕೆನಡಾದಲ್ಲಿ ಒಂದು ಪ್ರಯೋಗ ಮಾಡಿದರು. ಜನರಿಗೆ 5 ಅಥವಾ 20 ಡಾಲರ್ ಕೊಟ್ಟು, ಕೆಲವರಿಗೆ ನಿಮಗಾಗಿ ಖರ್ಚು ಮಾಡಿ, ಕೆಲವರಿಗೆ ಬೇರೆಯವರಿಗಾಗಿ ಖರ್ಚು ಮಾಡಿ ಅಂದರು. ಸಂಜೆ ಜಾಸ್ತಿ ಖುಷಿಯಾಗಿದ್ದವರು ಬೇರೆಯವರಿಗೆ ಖರ್ಚು ಮಾಡಿದವರು. ಐದೋ ಇಪ್ಪತ್ತೋ ಅನ್ನೋದರಿಂದ ವ್ಯತ್ಯಾಸ ಆಗಲಿಲ್ಲ. ಸ್ಟೇಟಸ್ ನೋಡೋದನ್ನು ಒಂದು ವಾರ ಮ್ಯೂಟ್ ಮಾಡಿ ನೋಡಿ.

ಎರಡು ವಾರಕ್ಕಿಂತ ಜಾಸ್ತಿ ನಿದ್ದೆ, ಊಟ ಸೇರದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಮಾತ್ರ ಇದು ನನ್ನ ಅಂಕಣದ ವಿಷಯ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಭಾಲ್ಕಿ ತಾಲ್ಲೂಕಿನವಳು. ನಮ್ಮ ಸ್ತ್ರೀಶಕ್ತಿ ಸಂಘಕ್ಕೆ ಹೋದ ವರ್ಷ ನಾನು ಪ್ರತಿನಿಧಿ ಆದೆ. ಒಬ್ಬ ಗೆಳತಿ ಮೂರು ಕಂತು ಕಟ್ಟಿಲ್ಲ. ಸಭೆಯಲ್ಲಿ ಕೇಳಿದೆ. ಈಗ ಆಕೆ ಮಾತು ಬಿಟ್ಟಿದ್ದಾಳೆ. ‘ದೊಡ್ಡಾಕಿ ಆಗ್ಯಾಳ’ ಅಂತ ಉಳಿದವರೂ ಅನ್ನುತ್ತಾರೆ.

ಉತ್ತರ: ಅಕ್ಕಾ, ನೀವು ಕೇಳಿದ್ದು ತಪ್ಪಲ್ಲ. ಬಾಕಿ ಕೇಳದ ಸಂಘ ಉಳಿಯಲ್ಲ. ಕೇಳಿದ ಜಾಗ ಮಾತ್ರ ಸರಿ ಇರಲಿಲ್ಲ. ಮೊದಲು ಆಕೆಯ ಮನೆಗೆ ಹೋಗಿ, ಕಂತಿನ ಮಾತು ಎತ್ತದೆ, ಏನಾಗಿದೆ ಅಂತ ಕೇಳಿ. ಮೂರು ಕಂತು ಸುಮ್ನೆ ತಪ್ಪಲ್ಲ. ಆಸ್ಪತ್ರೆ ಇರಬಹುದು, ಗಂಡ ದುಡ್ಡು ಕಿತ್ತುಕೊಂಡಿರಬಹುದು. ಕಂತು ಸಣ್ಣದು ಮಾಡೋದಿದ್ದರೆ ಆಕೆಯೇ ಸಭೆಯಲ್ಲಿ ಕೇಳಲಿ, ಎಲ್ಲರೂ ಸೇರಿ ತೀರ್ಮಾನ ಮಾಡಿ. ನೀವೊಬ್ಬರೇ ಮಾಫಿ ಕೊಡಬೇಡಿ, ಆಗ ನಿಜವಾಗಿಯೂ ದೊಡ್ಡಾಕಿ ಆಗ್ತೀರಿ.

ಬಸವಕಲ್ಯಾಣ ನಿಮಗೆ ದೂರ ಇಲ್ಲ. 12ನೇ ಶತಮಾನದಲ್ಲಿ ಅಲ್ಲಿದ್ದ ಶರಣ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ ‘ವಾಪಸ್ ಸುರಿದು ಬನ್ನಿ’ ಅಂದವರು ಹೆಂಡತಿ ಲಕ್ಕಮ್ಮ. ನಿಮ್ಮ ಸಂಘದಲ್ಲೂ ನಿಮಗೆ ಹಾಗೆ ಮುಖಕ್ಕೇ ಹೇಳುವವರು ಒಬ್ಬರು ಬೇಕು. ಬೆನ್ನ ಹಿಂದೆ ಜಾಸ್ತಿ ಮಾತಾಡುವವರನ್ನೇ ಕರೆದು ಮುಂದಿನ ತಿಂಗಳ ಲೆಕ್ಕ ಓದೋಕೆ ಹೇಳಿ. ಉಳಿತಾಯ, ಸಾಲ, ಬಾಕಿ ಎಲ್ಲ ಜೋರಾಗಿ ಓದಲಿ. ನಿಮ್ಮ ಸ್ವಂತ ಸಾಲದ ಬಾಕಿ ಮೊದಲು ಓದಿಸಿ. ನಿಮ್ಮ ಅವಧಿ ಮುಗಿದ ದಿನ ವಹಿ, ಪಾಸ್‌ಬುಕ್, ಪೆಟ್ಟಿಗೆಯ ಕೀಲಿ ಎಲ್ಲವನ್ನೂ ಸಭೆಯಲ್ಲೇ ಒಪ್ಪಿಸಿ, ನಡಾವಳಿಯಲ್ಲಿ ಬರೆಸಿ, ಎಲ್ಲರ ಸಹಿ ಹಾಕಿಸಿಕೊಳ್ಳಿ.