ರಾಗಿ ಮನೆಯೊಳಗೇ ಇರಲಿ

ಪತ್ರ: ನಾವು ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೇವೆ. ನಾಲ್ಕು ವರ್ಷದ ಸ್ಟಾಫರ್ಡ್‌ಶೈರ್ ಬುಲ್ ಟೆರಿಯರ್ ಹೆಣ್ಣುನಾಯಿಯನ್ನು ದತ್ತು ತಂದಿದ್ದೇವೆ. ಹೆಸರು ರಾಗಿ. ತುಂಬಾ ಪ್ರೀತಿಯ ನಾಯಿ. ಅಕ್ಟೋಬರ್‌ನಲ್ಲಿ ಹಾಸನದಿಂದ ಅಮ್ಮ ಆರು ತಿಂಗಳಿಗೆ ಬರುತ್ತಿದ್ದಾರೆ. "ಅದು ನಿಷೇಧ ಆಗಿರೋ ಜಾತಿ. ಹಿತ್ತಲಲ್ಲಿ ಕಟ್ಟು, ಇಲ್ಲಾಂದ್ರೆ ನಾನು ಬರಲ್ಲ" ಅಂತಾರೆ. ಏನು ಮಾಡಲಿ?

ಸಂಪಾದಕರ ಉತ್ತರ: ಅಮ್ಮ ಸುಮ್ನೆ ಹೆದರುತ್ತಿಲ್ಲ, ಇದನ್ನು ಮೊದಲು ಒಪ್ಪಿಕೊಳ್ಳಿ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ವಿರುದ್ಧ ಸುತ್ತೋಲೆ ಹೊರಡಿಸಿತ್ತು. ಪಿಟ್‌ಬುಲ್ ಜೊತೆಗೆ ಅಮೆರಿಕನ್ ಸ್ಟಾಫರ್ಡ್‌ಶೈರ್ ಟೆರಿಯರ್ ಹೆಸರೂ ಅದರಲ್ಲಿತ್ತು. ಮುಂದಿನ ತಿಂಗಳೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆದರೆ ಮೊದಲ ಸುದ್ದಿ ಮನಸ್ಸಲ್ಲಿ ಉಳಿದಷ್ಟು ಎರಡನೆಯದು ಉಳಿಯೋದಿಲ್ಲ, ಅಲ್ವಾ?

ರಾಗಿಯದು ಬೇರೆ ತಳಿ. ಅದರ ತವರು ನಿಮ್ಮ ಊರಿನ ಪಕ್ಕದ ಬ್ಲ್ಯಾಕ್ ಕಂಟ್ರಿ, ಗಣಿ ಮತ್ತು ಸರಪಳಿ ಕೆಲಸಗಾರರ ಸೀಮೆ. ಹೆಸರಿನಲ್ಲಿರುವ 'ಬುಲ್' ಒಂದು ಕ್ರೂರ ಆಟದ ಗುರುತು. ಕಟ್ಟಿಹಾಕಿದ ಹೋರಿಯ ಮೇಲೆ ನಾಯಿ ಬಿಡುತ್ತಿದ್ದರು. 1835ರಲ್ಲಿ ಕಾನೂನು ಅದನ್ನು ನಿಲ್ಲಿಸಿತು. ಸರಿಯಾಗಿ ನೂರು ವರ್ಷದ ನಂತರ, 1935ರಲ್ಲಿ, ನಾಯಿ ತಳಿಗಳನ್ನು ದಾಖಲಿಸುವ ಬ್ರಿಟನ್ನಿನ ಸಂಸ್ಥೆ ಕೆನೆಲ್ ಕ್ಲಬ್ ಈ ತಳಿಗೆ ಮಾನ್ಯತೆ ಕೊಟ್ಟಿತು. ಬ್ರಿಟನ್ನಿನ 1991ರ ಅಪಾಯಕಾರಿ ನಾಯಿಗಳ ಕಾಯ್ದೆಯ ನಿಷೇಧ ಪಟ್ಟಿಯಲ್ಲಿ ಇದು ಇಲ್ಲ. ಆದರೆ ಅದೇ ಕಾಯ್ದೆ ಪ್ರಕಾರ, ಯಾವ ತಳಿಯದೇ ಆಗಲಿ, ನಾಯಿ ಹತೋಟಿ ತಪ್ಪಿ ಯಾರಿಗಾದರೂ ಅಪಾಯ ಮಾಡಿದರೆ ನೀವೇ ಹೊಣೆ. ನಿಮ್ಮ ಮನೆಯೊಳಗೆ ಕೂಡ.

ಈಗ ಹಿತ್ತಲಿನ ಮಾತು. ನಮ್ಮ ಊರಿನ ಮನೆಯಲ್ಲೂ ನಾಯಿ ಹೊಸ್ತಿಲು ದಾಟುತ್ತಿರಲಿಲ್ಲ. ಊಟ, ನಿದ್ದೆ ಎಲ್ಲಾ ಜಗಲಿಯಲ್ಲೇ. ಆದರೆ ಅದಕ್ಕೆ ಇಡೀ ಬೀದಿಯೇ ಮನೆಯಾಗಿತ್ತು. ಶಾಲೆ ಮಕ್ಕಳ ಹಿಂದೆ ಹೋಗಿಬರುತ್ತಿತ್ತು, ಪಕ್ಕದ ಮನೆಯಲ್ಲಿ ಮುದ್ದೆ ತಿಂದು ಬರುತ್ತಿತ್ತು. ಹಿತ್ತಲಲ್ಲಿ ಕಟ್ಟಿದರೆ ರಾಗಿಗೆ ಬೀದಿಯೂ ಇಲ್ಲ, ಮನೆಯೂ ಇಲ್ಲ. ಮೈಮೇಲೆ ಗಿಡ್ಡ ಕೂದಲು, ನವೆಂಬರ್ ಚಳಿ. ಮೇಲಾಗಿ ಇದು ಮನುಷ್ಯರಿಗೆ ಒರಗಿಕೊಂಡೇ ಬದುಕುವ ನಾಯಿ. ಒಂಟಿಯಾಗಿ ಕಟ್ಟಿದರೆ ಕೂಗುತ್ತದೆ, ಸಿಕ್ಕ ವಸ್ತುವನ್ನೆಲ್ಲ ಕಚ್ಚಿ ಹರಿಯುತ್ತದೆ. ಅಮ್ಮನ ಭಯ ಇನ್ನೂ ಜಾಸ್ತಿಯಾಗುತ್ತದೆ. ದಯವಿಟ್ಟು ಕಟ್ಟಬೇಡಿ.

ಹಾಗಂತ ಅಪಾಯವೇ ಇಲ್ಲ ಎನ್ನಲಾರೆ. ನನಗೆ ಹೆಚ್ಚು ಚಿಂತೆ ಅದರ ಪ್ರೀತಿಯದ್ದೇ. ಎತ್ತರ ಮೊಣಕಾಲಿಗಿಂತ ಹೆಚ್ಚಿಲ್ಲ, ತೂಕ 11ರಿಂದ 15 ಕಿಲೋ. ಅಷ್ಟೂ ಮಾಂಸಖಂಡ. ಸಂತೋಷದಿಂದ ನೆಗೆದರೆ ವಯಸ್ಸಾದವರು ಬೀಳುತ್ತಾರೆ. ಸೊಂಟದ ಮೂಳೆ ಮುರಿಯಲು ಕಚ್ಚಲೇಬೇಕಾಗಿಲ್ಲ. ಆದ್ದರಿಂದ ಇವತ್ತಿನಿಂದಲೇ ಒಂದು ಪಾಠ ಶುರು ಮಾಡಿ: ಕಾಲು ನಾಲ್ಕೂ ನೆಲದ ಮೇಲಿದ್ದರೆ ಮಾತ್ರ ಮುದ್ದು. ನೆಗೆದರೆ ಬೈಯಬೇಡಿ, ತಳ್ಳಬೇಡಿ. ತಳ್ಳಿದರೆ ಅದಕ್ಕೆ ಆಟ. ಮುಖ ತಿರುಗಿಸಿ ನಿಂತುಬಿಡಿ. ಕೂತ ತಕ್ಷಣ ತಿಂಡಿ. ಮನೆಗೆ ಬರುವ ಸ್ನೇಹಿತರೂ ಹೀಗೇ ಮಾಡಬೇಕು. ಒಬ್ಬರು "ಪರವಾಗಿಲ್ಲ ಬಿಡಿ" ಅಂದರೂ ವಾರದ ಕೆಲಸ ಹಾಳು. ವಾಕಿಂಗಿಗೆ ಎದೆಯ ಹತ್ತಿರ ಕೊಂಡಿ ಇರುವ ಹಾರ್ನೆಸ್ (ಮೈಗೆ ತೊಡಿಸುವ ಪಟ್ಟಿ) ಹಾಕಿ, ಎಳೆತ ಕಡಿಮೆಯಾಗುತ್ತದೆ. ಆದರೂ ಅಮ್ಮನ ಕೈಗೆ ಬೆಲ್ಟು ಕೊಡಬೇಡಿ.

ಅಡುಗೆಮನೆ ಮತ್ತು ದೇವರ ಮೂಲೆಗೆ ಮಕ್ಕಳ ಗೇಟು ಹಾಕಿಸಿ. ಅಮ್ಮನ ಕೋಣೆಗೆ ನಾಯಿ ಹೋಗಲೇಬಾರದು. ಅದು ಅವರ ಜಾಗ. ಅಡುಗೆಮನೆ ಗೇಟಿಗೆ ಇನ್ನೊಂದು ಕಾರಣವೂ ಇದೆ. ಹಾಸನದ ಕೈ ಉಣಿಸದೆ ಇರುವುದಿಲ್ಲ! ಈರುಳ್ಳಿ, ಬೆಳ್ಳುಳ್ಳಿ ಬೇಯಿಸಿದ್ದರೂ ನಾಯಿಗೆ ವಿಷ. ಪಾಯಸದ ದ್ರಾಕ್ಷಿ ಕಿಡ್ನಿ ಕೆಡಿಸಬಹುದು. ಇದನ್ನು ಅಮ್ಮನಿಗೆ ಮೊದಲೇ ಹೇಳಿ. ಏನಾದರೂ ಕೊಡಲೇಬೇಕು ಅನ್ನಿಸಿದರೆ, ಬರೀ ನೀರಲ್ಲಿ ಬೇಯಿಸಿದ ಕ್ಯಾರೆಟ್ ಚೂರು ಸಾಕು.

ನವೆಂಬರ್ 5ರ ಬಾನ್‌ಫೈರ್ ನೈಟ್ (ಬ್ರಿಟನ್ನಿನ ಪಟಾಕಿ ಹಬ್ಬ) ಆಸುಪಾಸು ಮತ್ತು ದೀಪಾವಳಿ ದಿನಗಳಲ್ಲಿ ಅಲ್ಲಿ ಪಟಾಕಿ ಜೋರು. ಕತ್ತಲಾಗುವ ಮೊದಲೇ ವಾಕಿಂಗ್ ಮುಗಿಸಿ, ಪರದೆ ಎಳೆಯಿರಿ. ಹೆದರಿ ಹತ್ತಿರ ಬಂದರೆ ಅಪ್ಪಿಕೊಳ್ಳಿ, ತಪ್ಪೇನಿಲ್ಲ.

ಅಮ್ಮ ಬಂದ ದಿನ ರಾಗಿಯನ್ನು ಚೆನ್ನಾಗಿ ಓಡಾಡಿಸಿ, ಗೇಟಿನ ಆಚೆ ಇರಿಸಿ. ಅಮ್ಮ ಕಾಲು ತೊಳೆದು, ಕಾಫಿ ಕುಡಿದು ಕೂರಲಿ. "ಮುಟ್ಟಿ ನೋಡಮ್ಮ" ಅಂತ ಒತ್ತಾಯ ಬೇಡ. ಮೊದಲ ವಾರ ಗೇಟಿನ ಈಚೆಯಿಂದ ಕ್ಯಾರೆಟ್ ಚೂರನ್ನು ನೆಲಕ್ಕೆ ಹಾಕಿದರೆ ಸಾಕು. ಆರು ತಿಂಗಳಿದೆ. ಗೇಟು ಯಾವಾಗ ತೆಗೆಯಬೇಕು ಅನ್ನೋದನ್ನು ಅಮ್ಮನೇ ಹೇಳಲಿ.